86ನೇ ಪುಟದವರು

ಮೊನ್ನೆ ಒಂದು ಮದುವೆ ಊಟ. ಎಲೆಗೆ ಇನ್ನೂ ಉಪ್ಪು, ಕೋಸಂಬರಿ ಬಿದ್ದಿತ್ತಷ್ಟೇ. ಪಕ್ಕದಲ್ಲಿ ಕೂತಿದ್ದ ನೆಂಟರ ಹುಡುಗ, ಬೆಂಗಳೂರಿನಲ್ಲಿ ಒಳ್ಳೆ ಸಂಬಳ ಎಣಿಸುವವನು, ನನ್ನ ಕಡೆ ತಿರುಗಿದ.

"ಮಾಮ, ನೀವು ಕಾದಂಬರಿ ಬರ್ದಿದ್ದೀರಂತೆ? ಪಿಡಿಎಫ್ ಇದ್ರೆ ವಾಟ್ಸಾಪ್ ಮಾಡಿ."

ಹೋದ ತಿಂಗಳು ಗೃಹಪ್ರವೇಶ ಮಾಡಿದ್ದಾನೆ ಅವನು. "ನಿನ್ನ ಹೊಸ ಮನೆ ಬೀಗದ ಕೈ ಇನ್ನೊಂದಿದ್ರೆ ಕೊಡಪ್ಪಾ, ನಾನೂ ಸುಮ್ನೆ ಬಂದು ಇರ್ತೀನಿ" ಅನ್ನಬೇಕು ಅಂತ ಬಾಯಿವರೆಗೆ ಬಂತು. ಅಷ್ಟರಲ್ಲಿ ಹೋಳಿಗೆ ಬಂತು. ಹೋಳಿಗೆ ಮುಂದೆ ಜಗಳ ಆಡಬಾರದು. ತುಪ್ಪ ಜಾಸ್ತಿ ಹಾಕಿಸಿಕೊಂಡು ಸುಮ್ಮನಾದೆ. ಹೋಳಿಗೆ ಕರಗಿ ಎರಡು ದಿನ ಆಯಿತು, ಸಿಟ್ಟು ಕರಗಿಲ್ಲ.

ಪುಸ್ತಕದ ಹಿಂದೆ 220 ರೂಪಾಯಿ ಅಂತ ಅಚ್ಚಾಗಿದೆ. ಈ ಹಾಸನದಲ್ಲಿ ಆ ಅಂಕಿಯನ್ನು ಗಮನಿಸಿದವರು ಮೂರೇ ಜನ. ನಾನು, ನನ್ನ ಹೆಂಡತಿ, ಅಚ್ಚು ಹಾಕಿದವನು. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಆಲೂಗಡ್ಡೆ ಮಾರುವ ಪುಣ್ಯಾತ್ಮ, ಕೆ.ಜಿ.ಗೆ ಒಂದು ರೂಪಾಯಿ ಬಿಡದವನು, "ನಮ್ಗೂ ಒಂದು ಬುಕ್ ಕೊಡಿ ಸಾ, ಮಗಳು ಓದ್ತಾಳೆ" ಅಂದ. ಕೊಟ್ಟೆ. ಆಮೇಲೆ ನನ್ನ ಆಲೂಗಡ್ಡೆಯ ದುಡ್ಡನ್ನು ಸರಿಯಾಗಿ ಎಣಿಸಿಕೊಂಡು ಗಲ್ಲಾಕ್ಕೆ ಹಾಕಿದ. ಹಾಸನದ ಆಲೂಗಡ್ಡೆ ಬೆಲೆ ಏರುತ್ತೆ, ಇಳಿಯುತ್ತೆ, ಪೇಪರಿನಲ್ಲೂ ಬರುತ್ತೆ. ಕಾದಂಬರಿಗೆ ಏರಿಕೆ ಅನ್ನುವುದೇ ಇಲ್ಲ.

ನಾನಿರುವುದು ಪೆನ್ಷನ್ ಮೊಹಲ್ಲಾದಲ್ಲಿ. ಬಡಾವಣೆಯ ಹೆಸರಿನಂತೆ ಪೆನ್ಷನ್ ತಗೊಂಡು, ತಿಂಡಿ ತಿಂದು, ಪೇಪರ್ ಓದಿಕೊಂಡು ಇರಬಹುದಿತ್ತು. ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿ ಇದ್ದಷ್ಟು ಕಾಲವೂ ತಲೆಯೊಳಗೆ ಒಂದು ಕಥೆ ಕೂತಿತ್ತು. ನಿವೃತ್ತಿಯಾದ ಮೇಲೆ ಅದನ್ನು ಹೊರಗೆ ತೆಗೆಯೋಣ ಅಂತ ಕೂತರೆ ಕೈಗೆ ಬಂದ ಭಾಷೆಯೇ ಬೇರೆ. ಮೊದಲ ಅಧ್ಯಾಯದಲ್ಲಿ ನಾಯಕಿ ಅಳುವ ಸನ್ನಿವೇಶ. ನಾನು ಬರೆದದ್ದು: "ಸದರಿ ಯುವತಿಯು ಮೇಲ್ಕಂಡ ಕಾರಣದಿಂದ ಕಣ್ಣೀರು ಹಾಕಿರುತ್ತಾಳೆ." ಹೆಂಡತಿ ಓದಿ, "ಇದಕ್ಕೆ ಸಹಿ, ಸೀಲು ಎಲ್ಲಿ ರೀ?" ಅಂದಳು. ಆ 'ಸದರಿ'ಯನ್ನು ಕೈಯಿಂದ ಬಿಡಿಸಲು ಬಹಳ ಕಾಲ ಹಿಡಿಯಿತು.

ಪ್ರಕಾಶಕರೂ ಅವಳೇ. ಹೆಸರಾಂತ ಪ್ರಕಾಶಕರೊಬ್ಬರಿಗೆ ಹಸ್ತಪ್ರತಿ ಕಳಿಸಿದ್ದೆ. ಅದು ತಲುಪಿತೋ ಇಲ್ಲವೋ ಅನ್ನುವ ಉತ್ತರವೂ ಬರಲಿಲ್ಲ. ಸರಿ, ಹೆಂಡತಿ ಹೆಸರಲ್ಲೇ ಒಂದು ಪ್ರಕಾಶನ ಅಂತಾಯಿತು. ಗೋದಾಮು ನಮ್ಮ ಮಂಚದ ಕೆಳಗೆ. ಅಚ್ಚು ಹಾಕಿಸಿದ್ದು 500 ಪ್ರತಿ. ಪ್ರಕಾಶಕಿಯಾಗಿ ಅವಳು ದಿನಾ ಮಾಡುವ ಕೆಲಸ ಅಂದರೆ ಪೊರಕೆಯನ್ನು ಆ ಗಂಟುಗಳಿಗೆ ಜೋರಾಗಿ ತಾಗಿಸುವುದು. ಐಎಸ್‌ಬಿಎನ್ ಅನ್ನುವ ಪುಸ್ತಕದ ಗುರುತಿನ ಸಂಖ್ಯೆಯನ್ನು ದೆಹಲಿಯ ರಾಜಾ ರಾಮಮೋಹನ ರಾಯ್ ಹೆಸರಿನ ಏಜೆನ್ಸಿ ಶುಲ್ಕ ಇಲ್ಲದೆ ಕೊಡುತ್ತದೆ. 978ರಿಂದ ಶುರುವಾಗುವ 13 ಅಂಕಿ. ಈ ಇಡೀ ವ್ಯವಹಾರದಲ್ಲಿ ನನಗೆ ಪುಕ್ಕಟೆ ಸಿಕ್ಕಿದ್ದು ಅದೊಂದೇ.

ಡಿಟಿಪಿ ಮಾಡಿದ ಹುಡುಗನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 'ನುಡಿ' ತಂತ್ರಾಂಶದಲ್ಲಿದ್ದ ಅಕ್ಷರಗಳನ್ನು ಯುನಿಕೋಡಿಗೆ ತಿರುಗಿಸುವಾಗ ಅರ್ಕಾವತ್ತುಗಳೆಲ್ಲ ಜಾಗ ಬದಲಿಸಿದವು. ಸೂರ್ಯ ಹೋಗಿ 'ಸೂಯರ್' ಹುಟ್ಟಿದ. ಅದನ್ನೆಲ್ಲ ತಿದ್ದಿದ ಮೇಲೆ ಇನ್ನೊಂದು ತಕರಾರು. ಅಚ್ಚಿನ ಒಂದು ದೊಡ್ಡ ಹಾಳೆಗೆ ಫಾರಂ ಅನ್ನುತ್ತಾರೆ, 16 ಪುಟಕ್ಕೆ ಒಂದು ಫಾರಂ ಲೆಕ್ಕ. ನನ್ನ ಕಥೆ 203ಕ್ಕೆ ಮುಗಿದಿತ್ತು. ಹದಿಮೂರು ಫಾರಂ ತುಂಬಬೇಕಾದರೆ 208 ಬೇಕು. ಹುಡುಗ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ: "ಸಾರ್, ಐದು ಪುಟ ಖಾಲಿ ಉಳಿಯುತ್ತೆ. ಯಾರನ್ನಾದ್ರೂ ಸಾಯ್ಸಿ."

ಹಾಗೆ ತೀರಿಕೊಂಡವರು ನಾಯಕನ ಸೋದರಮಾವ. ಗಟ್ಟಿಮುಟ್ಟಾಗಿದ್ದ ಮನುಷ್ಯ, ಪಾಪ. ಆಮೇಲೆ ಗ್ರಂಥಾಲಯ ಇಲಾಖೆ ಪುಸ್ತಕ ಕೊಳ್ಳುವ ಏಕಗವಾಕ್ಷಿ ಯೋಜನೆಗೆ ಅರ್ಜಿ ಹಾಕಲು ಹೋದಾಗ ಅಲ್ಲಿ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ ಅಂತ ಗೊತ್ತಾಯಿತು. ಮೊದಲೇ ತಿಳಿದಿದ್ದರೆ ಮಾವನ ತಿಥಿ ಊಟವನ್ನೂ ಬಡಿಸಿಯೇ ಬಿಡುತ್ತಿದ್ದೆ.

1954ರ ಒಂದು ಕಾಯ್ದೆ ಇದೆ. ಪುಸ್ತಕ ಪ್ರಕಟಿಸಿದವರು 30 ದಿನದೊಳಗೆ ತಮ್ಮ ಖರ್ಚಿನಲ್ಲೇ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಹಾಗೇ ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು. ಕಚೇರಿಯಲ್ಲಿ ಬೆಳೆದ ಜೀವ, ನಿಯಮ ಅಂದರೆ ನಿಯಮ. ಕಳಿಸಿದೆ. ನನ್ನ ಕಾದಂಬರಿ ಕೋಲ್ಕತ್ತಾ ತಲುಪಿದೆ. ಎದುರು ಮನೆ ತಲುಪಿಲ್ಲ.

ಇದರ ಮೇಲೆ ಬೂಕರ್ ಬೇರೆ. 2025ರ ಮೇ ತಿಂಗಳಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಊರಿಗೆ ಊರೇ ಹೆಮ್ಮೆಪಟ್ಟಿತು, ನಾನೂ ಪಟ್ಟೆ. ಅವರು ದಶಕಗಳಿಂದ ಬರೆದವರು. ನಾನು ಮೊನ್ನೆ ಮೊನ್ನೆ 'ಸದರಿ' ಬಿಟ್ಟವನು. ಕಟಿಂಗ್ ಶಾಪಿನವನಿಗೆ ಈ ವ್ಯತ್ಯಾಸ ಮುಖ್ಯ ಅಲ್ಲ. ಕತ್ತರಿ ಆಡಿಸುತ್ತಾ, "ನಮ್ ಹಾಸನಕ್ಕೆ ಒಂದು ಬಂತಲ್ಲ ಸಾರ್, ನಿಮ್ದು ಯಾವಾಗ?" ಅನ್ನುತ್ತಾನೆ, ಮುಂದಿನ ಬಸ್ಸಿಗೆ ಬರುವುದಿದೆ ಅನ್ನುವ ಧಾಟಿಯಲ್ಲಿ.

ಇರಲಿ. ಇವರೆಲ್ಲ ಓದದವರು. ಓದದವರ ಕಾಟ ತಡೆದುಕೊಳ್ಳಬಹುದು. ನನ್ನ ನಿಜವಾದ ಸಂಕಟ ಓದಿದವರದ್ದು. ಹಾಗೆ ಓದಿದವರು ಊರಿಗೊಬ್ಬರೇ.

ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ವಾಕಿಂಗ್ ಮಾಡುವ ನಮ್ಮ ಗುಂಪಿನಲ್ಲಿ ಒಬ್ಬರು ಹಿರಿಯರಿದ್ದಾರೆ. ನೀರಾವರಿ ಇಲಾಖೆಯ ನಿವೃತ್ತ ಎಂಜಿನಿಯರ್. ಎಪ್ಪತ್ತರ ದಶಕದಲ್ಲಿ ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟೆ ಕಟ್ಟುವಾಗ ಅಲ್ಲಿ ಕೆಲಸ ಶುರು ಮಾಡಿದವರು. ನನ್ನ ಕಾದಂಬರಿ ಅದೇ ಅಣೆಕಟ್ಟೆಯಲ್ಲಿ ಮುಳುಗಿದ ಊರಿನದ್ದು. ನಾನು ಇನ್ನೊಬ್ಬ ಗೆಳೆಯರಿಗೆ ಪ್ರೀತಿಯಿಂದ ಸಹಿ ಹಾಕಿ ಕೊಟ್ಟ ಪ್ರತಿಯನ್ನು ಅವರು ಬಿಚ್ಚದೆ ಇವರಿಗೆ ದಾಟಿಸಿದ್ದರು. ಎಂಜಿನಿಯರ್ ಸಾಹೇಬರು ಪೆನ್ಸಿಲ್ ಹಿಡಿದು ಓದಲು ಕೂತರು.

86ನೇ ಪುಟದವರೆಗೆ ಏನೂ ಆಗಲಿಲ್ಲ. ಅಲ್ಲಿ ನಾನು ಬರೆದಿದ್ದೇನೆ: ಒಂದೇ ರಾತ್ರಿಯಲ್ಲಿ ನೀರು ಹೊಸಿಲಿಗೆ ಬಂತು.

"ಬರಲ್ಲ ರೀ," ಅಂದರು ಸಾಹೇಬರು, ಬೆಂಚಿನ ಮೇಲೆ ಪುಸ್ತಕ ಮಡಚಿಟ್ಟು.

"ಏನು ಸಾರ್?"

"ನೀರು. ಒಂದೇ ರಾತ್ರೀಲಿ ಬರಲ್ಲ. ಗರಿಷ್ಠ ಮಟ್ಟ 2922 ಅಡಿ. ಸಾಮರ್ಥ್ಯ 37.103 ಟಿಎಂಸಿ. ನಿಮ್ಮ ಹೀರೋ ಮನೆ ಹೊಸಿಲು ಎಷ್ಟು ಅಡೀಲಿತ್ತು?"

"ಸಾರ್, ಅದು ಕಾದಂಬರಿ."

"ಕಾದಂಬರಿ ನಿಮ್ದು. ನೀರು ಇಲಾಖೇದು."

ಅವತ್ತು ಶುರುವಾಯಿತು. ಅವರು 86 ದಾಟಲು ಒಪ್ಪಲಿಲ್ಲ. ಲೆಕ್ಕ ಇತ್ಯರ್ಥ ಆಗದೆ ಮುಂದಿನ ಪುಟಕ್ಕೆ ಹೋಗುವ ಮನುಷ್ಯ ಅಲ್ಲ ಅವರು. ಹಾಗೆ ಹೋಗಿದ್ದರೆ ಆ ಕಟ್ಟೆ ಇಷ್ಟು ವರ್ಷ ನಿಲ್ಲುತ್ತಿರಲಿಲ್ಲ ಅಂತ ಬೇರೆ ಹೇಳಿದರು. ದಿನಾ ಬೆಳಿಗ್ಗೆ ಕೋಲಿನಲ್ಲಿ ಪಾರ್ಕಿನ ಮಣ್ಣಿನ ಮೇಲೆ ನದಿ ಎಳೆಯುವರು, ಕಟ್ಟೆ ಎಳೆಯುವರು, ಒಂದು ಮೂಲೆಯಲ್ಲಿ ಚೌಕ ಬರೆದು "ಇದು ನಿಮ್ಮ ಹೀರೋ ಮನೆ" ಅನ್ನುವರು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ಅಂತ ನನಗೆ ಪಾಠ ಆಯಿತು. ಸಕಲೇಶಪುರದ ಕಡೆ ಎಂಥ ಮಳೆ ಹೊಡೆದರೂ ಕಟ್ಟೆ ಹಿಂದೆ ನೀರು ಮೆಲ್ಲಗೇ ಏರಬೇಕು ಅಂತ ತೀರ್ಪೂ ಆಯಿತು. ವಾಕಿಂಗ್ ಮಾಡುವವರು ನಿಂತು ನೋಡತೊಡಗಿದರು. ಕೃಷಿ ಇಲಾಖೆಯಿಂದ ನಿವೃತ್ತರಾದವರು ನನ್ನ ಪರ. ವಿಮಾ ಏಜೆಂಟರು ಅವರ ಪರ. ಯೋಗದ ಗುಂಪಿನ ಹೆಂಗಸರು ಮೊದಲು ತಟಸ್ಥರಾಗಿದ್ದರು. ಆಮೇಲೆ ಅವರಲ್ಲಿ ಒಬ್ಬರು, "ರಾತ್ರಿ ಹಾಲು ಉಕ್ಕಿದ್ರೆ ನಮಗೂ ಬೆಳಿಗ್ಗೇನೇ ಗೊತ್ತಾಗೋದು, ಬಿಡಿ ಸಾರ್" ಅಂದು ನನ್ನ ಕಡೆ ಬಂದರು. ಸಾಹೇಬರು ಹಾಲನ್ನು ಸಾಕ್ಷ್ಯ ಅಂತ ಒಪ್ಪಲಿಲ್ಲ.

ಹೀಗಾಗಿ 208 ಪುಟದ ಪುಸ್ತಕದಲ್ಲಿ ಊರಿಗೆಲ್ಲ ಗೊತ್ತಿರುವುದು ಒಂದೇ ಪುಟ. ಎನ್.ಆರ್. ವೃತ್ತದ ಹತ್ತಿರ ಪರಿಚಯವೇ ಇಲ್ಲದ ಒಬ್ಬರು ಸ್ಕೂಟರ್ ನಿಲ್ಲಿಸಿ, "ನೀವೇನಾ 86ನೇ ಪುಟದವರು?" ಅಂತ ಕೇಳಿದರು. ಪುಸ್ತಕ ಕೊಂಡಿದ್ದಾರಾ ಅಂತ ಕೇಳಿದೆ. ಇಲ್ಲವಂತೆ. "ನೀರಿನ ವಿಷಯ ಏನಾಯ್ತು ಅಂತ ತಿಳ್ಕೊಳ್ಳೋಣ ಅಂತ ಅಷ್ಟೇ" ಅಂದು ಹೊರಟರು.

ಹೆಂಡತಿಯ ಸಲಹೆ ಸರಳ. "ಒಂದು ರಾತ್ರಿ ಅನ್ನೋದನ್ನ ನಾಕು ರಾತ್ರಿ ಅಂತ ಮಾಡಿಬಿಡಿ ರೀ. ನಿಮ್ಮ ಗಂಟೇನು ಹೋಗುತ್ತೆ?" ಮಾಡಲಾರೆ. ಅಮ್ಮ ಬೆಳಗಿನ ಜಾವ ಬಾಗಿಲು ತೆಗೆದಾಗ ನೀರು ಹೊಸಿಲಲ್ಲಿತ್ತು. ಹಿಂದಿನ ರಾತ್ರಿ ಇರಲಿಲ್ಲ. ಟಿಎಂಸಿ ಏನಾದರೂ ಹೇಳಲಿ.

ಒಂದು ದಿನ ಜಿಟಿಜಿಟಿ ಮಳೆ. ಪಾರ್ಕಿಗೆ ಬೇರೆ ಯಾರೂ ಬಂದಿರಲಿಲ್ಲ. ನಾವಿಬ್ಬರೇ ಮರದ ಕೆಳಗೆ ನಿಂತಿದ್ದೆವು. ಮಣ್ಣು ಒದ್ದೆಯಾಗಿದ್ದರಿಂದ ನದಿ ಎಳೆಯಲು ಆಗಲಿಲ್ಲ. ಸಾಹೇಬರು ಕೋಲು ಊರಿಕೊಂಡು ಕೇಳಿದರು: "ಹೋಗ್ಲಿ, ಹೀರೋದು ಬಿಡಿ. ನಿಮ್ಮ ಮನೆ ಎಲ್ಲಿತ್ತು?"

ಹೇಳಿದೆ. ಊರ ಮುಂದಿನ ಹುಣಸೆ ಮರದ ಸಾಲಿನಿಂದ ಮೂರನೇ ಮನೆ.

"ಆ ಹುಣಸೆ ಮರಗಳಿಗೆ ಮಟ್ಟದ ಗುರುತು ಬಳಿದದ್ದು ನಾವೇ," ಅಂದರು. "ಕೆಂಪು ಬಣ್ಣ. ಯಾರೋ ಕೆರೆದು ಹಾಕಿದ್ರು."

"ನಮ್ಮಪ್ಪ ಸಾರ್. ಗುರುತು ಕೆರೆದರೆ ನೀರು ಬರಲ್ಲ ಅಂದ್ಕೊಂಡಿದ್ರು."

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಾರನೇ ದಿನ ಬಂದು ಮತ್ತೆ ಬಳಿದ್ವಿ. ಮೇಲಿನವರ ಆರ್ಡರ್ ಇತ್ತು" ಅಂದರು.

1979ರಲ್ಲಿ ಅಣೆಕಟ್ಟೆ ಮುಗಿಯಿತು. ಅದರ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಚರ್ಚಿಗೆ ಒಂದು ಭಾಗ್ಯ ಇದೆ. ನೀರು ಏರಿದಾಗ ಮುಳುಗುತ್ತೆ, ಇಳಿದಾಗ ಎದ್ದು ನಿಲ್ಲುತ್ತೆ. ಜನ ಎಲ್ಲೆಲ್ಲಿಂದಲೋ ಫೋಟೋ ತೆಗೆಯಲು ಬರುತ್ತಾರೆ. ನಮ್ಮದು ಮಣ್ಣಿನ ಗೋಡೆ. ನೀರು ಇಳಿದರೂ ಏಳಲಿಲ್ಲ. ಏಳದ ಊರಿಗೆ ಫೋಟೋ ಇಲ್ಲ, ಅದಕ್ಕೇ ಈ 208 ಪುಟ. ಇದನ್ನು ಪಿಡಿಎಫ್ ಮಾಡಿ ಕಳಿಸು ಅಂದರೆ ಸಿಟ್ಟು ಬರಲ್ವಾ ಹೇಳಿ.

ಆ ಮಳೆಯ ದಿನದ ನಂತರ 86ನೇ ಪುಟದ ಪ್ರಸ್ತಾಪ ಬರಲಿಲ್ಲ. ಗೆದ್ದೆ ಅಂದುಕೊಂಡೆ. ಆಮೇಲೆ ಅವರ ಕೈಲಿದ್ದ ಪುಸ್ತಕ ತೆರೆದು ನೋಡಿದರೆ ಆ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ: "ಲೇಖಕರ ಹೇಳಿಕೆ. ಪರಿಶೀಲನೆ ಬಾಕಿ." ಕೆಳಗೆ ತಾರೀಖು, ಚುಟುಕು ಸಹಿ.

ಇವತ್ತು ಬೆಳಿಗ್ಗೆ ಅವರು 112ನೇ ಪುಟದಲ್ಲಿದ್ದರು. ಅಲ್ಲಿ ನಾಯಕಿಯ ಮದುವೆ. ಬರೆಯುವಾಗ ನನ್ನ ಕಣ್ಣಲ್ಲೇ ನೀರು ಬಂದಿದ್ದ ಜಾಗ ಅದು. ಸಾಹೇಬರ ಮುಖವೂ ಗಂಭೀರವಾಗಿತ್ತು. ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೂ ಒಬ್ಬ ಓದುಗರು ಸಿಕ್ಕರಲ್ಲ ಅಂತ ನಾನು ಬೆಂಚಿನಲ್ಲಿ ಅವರ ಹತ್ತಿರಕ್ಕೆ ಸರಿದು ಕೂತೆ.

"ಚಪ್ಪರ ಹತ್ತಡಿ ಇಪ್ಪತ್ತಡಿ ಅಂತ ಬರ್ದಿದ್ದೀರಿ," ಅಂದರು. "ಅದರೊಳಗೆ ಮುನ್ನೂರು ಜನ ಹೇಗ್ರೀ ಕೂತ್ರು?"

"ಕೂರಲಿಲ್ಲ ಸಾರ್, ನಿಂತಿದ್ರು."

"ನಿಂತಿದ್ರು ಅಂತ ಬರ್ದಿಲ್ವಲ್ಲ ನೀವು," ಅನ್ನುತ್ತಾ ಪೆನ್ಸಿಲ್ ತೆಗೆದರು.