ಪೇಶ್ವೆಯರ ನೆರೆಯಲ್ಲಿ ಒಂದು ಸಂಡಾಸ

ಪುಣೆಯಲ್ಲಿ ಪೇಶ್ವೆಯರ ಕೋಟೆ-ಅರಮನೆಯಾಗಿದ್ದು ಈಗ ಸ್ಮಾರಕವಾಗಿರುವ ಶನಿವಾರವಾಡೆಯ ಪಕ್ಕ, ಕಸಬಾ ಪೇಟೆಯ ಒಂದು ಹಳೇ ವಾಡೆಯಲ್ಲಿ ನಮ್ಮ ಧಾರವಾಡದ ಕಾಕಾ ನಲವತ್ತು ವರ್ಷದಿಂದ ಇದ್ದಾರೆ. ಸಾಗವಾನಿ ಕಂಬ, ನಡುವೆ ಚೌಕ, ಚೌಕದ ಆಚೆ ತುದಿಗೆ ನಾಲ್ಕು ಮನೆಗೆ ಒಂದೇ ಸಂಡಾಸ. ಕಾಕೂಗೆ ಈಗ ಕುಕ್ಕರುಗಾಲಲ್ಲಿ ಕೂರಲು ಆಗುವುದಿಲ್ಲ. ಮಳೆಗಾಲದ ರಾತ್ರಿ ಚೌಕ ದಾಟುವುದಂತೂ ಬೇಡವೇ ಬೇಡ. ಹಿತ್ತಿಲ ಬಾಗಿಲಿಗೆ ಹತ್ತಿ ಕಮೋಡಿನ ಒಂದು ಸಣ್ಣ ಖೋಲಿ ಕಟ್ಟಿಸೋಣ ಅಂತ ಕಾಕಾ ಅರ್ಜಿ ಹಾಕಿದರು. ನಾಲ್ಕಡಿಗೆ ಐದಡಿ.

ಒಂದು ಕಚೇರಿಯಿಂದ ಒಬ್ಬ ಸಾಹೇಬರು ಟೇಪು ಹಿಡಿದು ಬಂದರು. ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ ಪ್ರದೇಶ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಿಂದ ಇದು ಕಲ್ಲಿನ ಮೇಲೆ ಬರೆದಂಥ ಕಾನೂನು. ಅಳೆದು ನೋಡಿದರೆ ಗೆರೆ ಕಾಕಾನ ಮನೆಯೊಳಗೇ ಹಾದುಹೋಗಿತ್ತು. ಹಿತ್ತಿಲು ನಿಷೇಧಿತ, ಅಡುಗೆಮನೆ ನಿಯಂತ್ರಿತ. ಅಡುಗೆಮನೆ ಯಾರ ನಿಯಂತ್ರಣದಲ್ಲಿದೆ ಅಂತ ಕಾಕಾಗೆ ಮೊದಲೇ ಗೊತ್ತಿತ್ತು ಬಿಡಿ.

"ದುರಸ್ತಿ ಮಾಡ್ಕೊಳ್ಳಿ, ಕಟ್ಟಬೇಡಿ," ಅಂದರು ಸಾಹೇಬರು. ಅದಕ್ಕೂ ಮನೆ 16 ಜೂನ್ 1992ಕ್ಕಿಂತ ಹಿಂದಿನದು ಅಂತ ಪುರಾವೆ ಬೇಕಂತೆ. "ಗ್ವಾಡಿ ಮ್ಯಾಲ ಸುಣ್ಣ ಎಷ್ಟ್ ಪದರ ಅದ, ಎಣಿಸ್ಕೊಳ್ರಿ," ಅಂದರು ಕಾಕಾ. ಸುಮ್ನೆ ಕಟ್ಟಿಬಿಟ್ಟರೆ? ಎರಡು ವರ್ಷದ ತನಕ ಜೈಲು, ಇಲ್ಲವೇ ಒಂದು ಲಕ್ಷದ ತನಕ ದಂಡ, ಯೋಗವಿದ್ದರೆ ಎರಡೂ.

ಗೆರೆಯೇ ತಪ್ಪು ಅಂತ ನಾನು ಹೇಳಲ್ಲ. ಅದಿಲ್ಲದಿದ್ದರೆ ಶನಿವಾರವಾಡೆಯ ಹೆಬ್ಬಾಗಿಲು ದಿಲ್ಲಿ ದರವಾಜಾದ ಕಮಾನಿಗೆ ಒರಗಿಕೊಂಡು ಇಷ್ಟೊತ್ತಿಗೆ ಒಂದು ಮಾಲ್ ನಿಂತಿರುತ್ತಿತ್ತು. ಆದರೆ ಕಾಯುತ್ತಿರುವುದು ಏನನ್ನು ಅಂತಲೂ ನೋಡಬೇಕಲ್ವಾ? ಒಳಗಿನ ಅರಮನೆ 1828ರಲ್ಲೇ ಸುಟ್ಟುಹೋಯಿತು. ಉಳಿದದ್ದು ಕೋಟೆಗೋಡೆ, ಬಾಗಿಲು, ಪಾಯ. ಸುಟ್ಟ ವಾಡೆಗೆ ಕಾವಲು ಜಾಸ್ತಿ. ಜನ ಇನ್ನೂ ಒಲೆ ಹಚ್ಚುತ್ತಿರುವ ವಾಡೆಗಳು ಮಾತ್ರ ಮಳೆಗಾಲಕ್ಕೊಂದು ಗೋಡೆ ಉದುರಿಸುತ್ತಾ ನಿಂತಿವೆ. ಕೆಡವಿ ಮತ್ತೆ ಕಟ್ಟುವುದು ದುರಸ್ತಿಯಲ್ಲ. ತಾನಾಗಿ ಬೀಳುವುದಕ್ಕೆ ಮಾತ್ರ ಯಾರ ಅನುಮತಿಯೂ ಬೇಡ.

ಪೇಶ್ವೆಯರಿಗೂ ಈ ಕಾಟ ತಪ್ಪಲಿಲ್ಲವಂತೆ. 1730ರಲ್ಲಿ ಬಾಜೀರಾವ್ ಕೆಲಸ ಶುರುಮಾಡಿ ಕಲ್ಲಿನಲ್ಲಿ ತಳ ಎಬ್ಬಿಸಿದಾಗ, ಕಲ್ಲಿನ ಅರಮನೆ ರಾಜನಿಗೆ ಮಾತ್ರ ಅಂತ ಛತ್ರಪತಿಯ ಊರಾದ ಸಾತಾರೆಯಿಂದ ತಕರಾರು ಬಂದು, ಮೇಲಿನದೆಲ್ಲ ಇಟ್ಟಿಗೆಯಲ್ಲಿ ಎದ್ದಿತು ಅಂತ ಊರಲ್ಲಿ ಕಥೆ ಹೇಳುತ್ತಾರೆ. ಪುಣ್ಯಕ್ಕೆ ಆಗ 1992ರ ಪುರಾವೆ ಕೇಳುವವರಿರಲಿಲ್ಲ.

ಇನ್ನು ಸರ್ಕಾರದ ಕೆಲಸಕ್ಕೇ ಈ ಟೇಪು ಅಡ್ಡ ಬಂದರೆ? ಅದೂ ಇದೇ ಊರಲ್ಲಿ ಆಯಿತು. ಗಾಂಧೀಜಿಯನ್ನು 1942ರಿಂದ 1944ರವರೆಗೆ ಸೆರೆ ಇಟ್ಟಿದ್ದ ಆಗಾ ಖಾನ್ ಅರಮನೆಯ ಮುಂದೆ ಮೆಟ್ರೊ ಹೋಗಬೇಕಿತ್ತು. ನೂರು ಮೀಟರ್ ಕಾಲಿಗೆ ತೊಡರಿ, ಕೊನೆಗೆ ಮೆಟ್ರೊ ಕಲ್ಯಾಣಿನಗರದ ಕಡೆ ತಿರುಗಿತು. ಅತ್ತ ದಿಲ್ಲಿಯಲ್ಲಿ, ಕೇಂದ್ರದ ಸಾರ್ವಜನಿಕ ಕಾಮಗಾರಿಗಳಿಗೆ ನಿಷೇಧಿತ ಪ್ರದೇಶದಲ್ಲೂ ದಾರಿ ಬಿಡುವ ಮಸೂದೆಯನ್ನು 2018ರ ಜನವರಿಯಲ್ಲಿ ಲೋಕಸಭೆ ಒಪ್ಪಿಯೂ ಬಿಟ್ಟಿತು. ಟೇಪು ಕಾಕಾನ ಮನೆಗೆ ಬಂದರೆ ಉಕ್ಕಿನದು, ದಿಲ್ಲಿಗೆ ಹೋದರೆ ರಬ್ಬರಿನದು. ರಾಜ್ಯಸಭೆ ಅದನ್ನು ಸಮಿತಿಗೆ ಕಳಿಸಿತು. ಆ ಒಂದು ದಿನ ಕಾಕಾಗೂ ಸರ್ಕಾರಕ್ಕೂ ಒಂದೇ ಗತಿ.

ಬಿಡದ ಕಾಕಾ ಕಾಯ್ದೆಯ ಪ್ರತಿ ತರಿಸಿ ಓದಿದರು. ಒಂದು ರಾತ್ರಿ ನನಗೆ ಫೋನ್ ಬಂತು. "ತಮ್ಮಾ, ಸಿಕ್ತು!"

ಸಿಕ್ಕಿದ್ದು 'ನಿರ್ಮಾಣ' ಎಂಬ ಪದದ ಅರ್ಥ. ಚರಂಡಿ, ಜನರಿಗೆ ನೀರು ಕೊಡುವ ಕೆಲಸ, ಸಾರ್ವಜನಿಕ ಶೌಚಾಲಯ, ಮೂತ್ರಿ ಇವು ಯಾವುವೂ ಈ ಕಾಯ್ದೆಯ ಪ್ರಕಾರ ನಿರ್ಮಾಣವೇ ಅಲ್ಲ. ಇಟ್ಟಿಗೆ ಅದೇ, ಸಿಮೆಂಟ್ ಅದೇ, ಒಳಗೆ ನಡೆಯುವ ಕೆಲಸವೂ ಅದೇ. ಮನೆಯವರು ಹೋದರೆ ನಿರ್ಮಾಣ, ಊರವರೆಲ್ಲ ಹೋದರೆ ಅಲ್ಲ.

ಮರುದಿನವೇ ಹೊಸ ಅರ್ಜಿ ತಯಾರಾಯಿತು. ಹಿತ್ತಿಲ ಬಾಗಿಲು ಗಲ್ಲಿಗೆ ತೆರೆಯುತ್ತದೆ, ಶನಿವಾರವಾಡೆ ನೋಡಲು ಬಂದ ಪ್ರವಾಸಿಗರಿಗೂ ಪ್ರವೇಶ, ಮರಾಠಿ, ಕನ್ನಡ, ಹಿಂದಿಯಲ್ಲಿ ಬೋರ್ಡು. ಕಾಕಾ ಗಟ್ಟಿಯಾಗಿ ಓದಿ ಹೇಳಿದರು. ಕಾಕೂ ಅವಲಕ್ಕಿ ಒಗ್ಗರಣೆ ಹಾಕುತ್ತಲೇ ಕೇಳಿದರು:

"ಹಂಗಾರ ನಡುರಾತ್ರ್ಯಾಗ ನಾನೂ ಪಾಳಿ ಹಚ್ಚಿ, ಐದ್ ರೂಪಾಯಿ ಕೊಟ್ಟs ಹೋಗಬೇಕೇನ್ರೀ?"

ಕಾಕಾ ಸ್ವಲ್ಪ ಯೋಚಿಸಿದರು. ಆಮೇಲೆ ಅರ್ಜಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಹಿರಿಯ ನಾಗರಿಕರಿಗೆ ಅರ್ಧ ದರ.