ಕೆಳಗಡೆ ನಮ್ಮ ನಂಬರ್

ದಾವಣಗೆರೆಯ ಮಂಡಿಪೇಟೆ ಹತ್ತಿರದ ಸಂದಿಯಲ್ಲಿ ನಮ್ಮ ಸೋದರಮಾವನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಅಲ್ಲಿ ಡಿಸೈನ್ ಮಾಡುವವನು ನಾನು. ಗಿರಾಕಿಗಳ ಹತ್ತಿರ ಬೈಸಿಕೊಳ್ಳುವವನೂ ನಾನೇ.

ಒಂದು ಕಾಲದಲ್ಲಿ ಮಾವನಿಗೆ ಪ್ರಚಾರದ ಚಿಂತೆಯೇ ಇರಲಿಲ್ಲವಂತೆ. ಗಿರಾಕಿಗಳನ್ನು ಸರ್ಕಾರವೇ ಕಳಿಸುತ್ತಿತ್ತು. 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆ ಆಯಿತಲ್ಲ, ಆಗ ಊರಿನ ಬಿಲ್ ಬುಕ್ಕು, ಲೆಟರ್‌ಹೆಡ್ಡು, ರಬ್ಬರ್ ಸ್ಟ್ಯಾಂಪುಗಳ ಮೇಲೆಲ್ಲ ‘ಚಿತ್ರದುರ್ಗ ಜಿಲ್ಲೆ’ ಅಂತಲೇ ಇತ್ತು. ಎಲ್ಲರೂ ಹೊಸದು ಮಾಡಿಸಲು ಓಡಿ ಬಂದರು. 2017ರಲ್ಲಿ ಜಿಎಸ್‌ಟಿ ಬಂತು, ಬಿಲ್ ಬುಕ್ಕೆಲ್ಲ ಮತ್ತೆ ಬದಲು. ಅಲ್ಲಿಂದೀಚೆಗೆ ಸರ್ಕಾರಕ್ಕೆ ನಮ್ಮ ನೆನಪಿಲ್ಲ. "ಹರಪನಹಳ್ಳಿಯವರ ಪುಣ್ಯ ನೋಡೋ ಅಳಿಯ. ಬಳ್ಳಾರಿ ಜಿಲ್ಲೆಯಿಂದ ನಮ್ಮ ಜಿಲ್ಲೆಗೆ ಬಂದ್ರು, ವಾಪಸ್ ಬಳ್ಳಾರಿಗೆ ಹೋದ್ರು, ಈಗ ವಿಜಯನಗರ. ಎಷ್ಟು ಲೆಟರ್‌ಹೆಡ್ ಆಗಿರಬೇಕು!" ಅಂತ ಮಾವ ಈಗಲೂ ಹೊಟ್ಟೆ ಉರಿದುಕೊಳ್ಳುತ್ತಾರೆ.

ಈಗ ಮದುವೆಗೆ ಕರೆಯೋದು ವಾಟ್ಸ್ಆಪ್‌ನಲ್ಲಿ. ದೇವರ ಮುಂದೆ ಇಡೋಕೆ, ಹಿರಿಯರ ಕೈಗೆ ಕೊಡೋಕೆ ಅಂತ ನೂರು ಕಾರ್ಡ್ ಮಾಡಿಸಿದರೆ ಅದೇ ದೊಡ್ಡ ಆರ್ಡರ್. ಹಾಗಾಗಿ ಮಾವ ಪ್ರಚಾರಕ್ಕೆ ಇಳಿದರು.

ಮೊದಲು ಪಾಂಪ್ಲೆಟ್ ಹೊಡೆಸಿ ಬೆಳಗಿನ ಪೇಪರ್ ಒಳಗೆ ಹಾಕಿಸಿದರು. ಸಂಜೆ ಹೊತ್ತಿಗೆ ಅದು ಮಿರ್ಚಿ ಅಂಗಡಿಯಲ್ಲಿ ಸಿಕ್ಕಿತು, ಮಂಡಕ್ಕಿ ಪಕ್ಕದ ಮಿರ್ಚಿಯ ಅಡಿಯಲ್ಲಿ. ಅಚ್ಚಾದ ಕಾಗದದಲ್ಲಿ ತಿಂಡಿ ಕೊಡಬಾರದು ಅಂತ ಆಹಾರ ಸುರಕ್ಷತೆಯವರು ಹೇಳಿದ್ದಾರೆ ನಿಜ. ಆದರೆ ಅವರ ಮಾತು ಮಿರ್ಚಿ ಬಾಣಲೆವರೆಗೆ ಬಂದಿಲ್ಲ. ಮಾವನಿಗೆ ಬೇಜಾರೇನೂ ಆಗಲಿಲ್ಲ. "ಮಿರ್ಚಿ ಖಾಲಿಯಾದ ಮೇಲೆ ಪೇಪರ್ ಓದದೆ ಬಿಡೋನು ನಮ್ಮೂರಲ್ಲಿ ಯಾರಿದಾನೆ?" ಅಂದರು. ಓದಿರಬಹುದು. ಎಣ್ಣೆ ಕುಡಿದು ಕಾಗದದ ಎರಡೂ ಬದಿ ಒಂದಾಗಿದ್ದರಿಂದ ಏನು ಓದಿದರೋ ಗೊತ್ತಿಲ್ಲ.

ಆಮೇಲೆ ಬಂದದ್ದೇ ನಂಬರ್ ಯೋಜನೆ. ಇನ್ನು ಮುಂದೆ ಏನೇ ಮುದ್ರಿಸಲಿ, ಕೆಳಗಡೆ ಪ್ರೆಸ್ಸಿನ ಹೆಸರು, ದಪ್ಪಕ್ಷರದಲ್ಲಿ ಮೊಬೈಲ್ ನಂಬರ್, ಜೊತೆಗೊಂದು ಘೋಷವಾಕ್ಯ: ‘ಒಮ್ಮೆ ಮಾಡಿಸಿದವರು ಮತ್ತೆ ಮತ್ತೆ ಮಾಡಿಸುತ್ತಾರೆ’. ಬಿಲ್ ಬುಕ್ಕಿಗೆ ಇದು ಚೆನ್ನಾಗಿಯೇ ಇತ್ತು. ಲಗ್ನಪತ್ರಿಕೆ ಕೆಳಗೂ ಅದೇ ಬಂತು. ಹುಡುಗಿಯ ತಂದೆ ಕಾರ್ಡ್ ಹಿಡಿದುಕೊಂಡು ಬಂದು, "ಏನ್ರೀ ಇದು? ನನ್ನ ಮಗಳಿಗೆ ಎಷ್ಟು ಮದುವೆ ಮಾಡಿಸಬೇಕು ಅಂತೀರಾ?" ಅಂದರು. ನೂರೂ ಕಾರ್ಡಿಗೆ ಕೆಳಗೆ ಗಣಪತಿ ಸ್ಟಿಕ್ಕರ್ ಅಂಟಿಸಿ ಕೊಟ್ಟೆವು.

ಘೋಷವಾಕ್ಯ ಹೋಯಿತು. ನಂಬರ್ ಉಳಿಯಿತು. ಛತ್ರಕ್ಕೆ ಯಾವ ಕಡೆಯಿಂದ ಬರಬೇಕು, ಊಟ ಎಷ್ಟು ಗಂಟೆಗೆ, ಎಲ್ಲದಕ್ಕೂ ಫೋನ್ ಮಾವನಿಗೇ. ಸುಮ್ನೆ ರಾಂಗ್ ನಂಬರ್ ಅನ್ನೋದು ಬಿಟ್ಟು ಮಾವ ದಾರಿ ಹೇಳುತ್ತಾ ಕೂರುತ್ತಿದ್ದರು. ತೀರಿಹೋದವರೊಬ್ಬರ ಶಿವಗಣಾರಾಧನೆ ಪತ್ರಿಕೆ ಹಂಚಿದ ಮರುದಿನ ಬಂದ ಫೋನ್ ಮಾತ್ರ ಬೇರೆಯೇ. ಆ ಕಡೆಯವರು ಅಳುದನಿಯಲ್ಲಿ, "ಯಜಮಾನರು ಹೋದ್ರಂತೆ?" ಅಂದರು. ಮಾವ, "ಎಲ್ಲಿಗೂ ಹೋಗಿಲ್ಲ ಕಣ್ರೀ, ನಾನೇ ಯಜಮಾನ, ಮಾತಾಡಿ" ಅಂದರು. ಆ ಕಡೆ ಫೋನ್ ಬಿದ್ದ ಸದ್ದು ನನಗೂ ಕೇಳಿಸಿತು.

2023ರ ವಿಧಾನಸಭೆ ಚುನಾವಣೆ ಬಂತು. ಚುನಾವಣೆಯ ಕರಪತ್ರದಲ್ಲಿ ಮುದ್ರಕರ ಹೆಸರು, ವಿಳಾಸ ಇರಲೇಬೇಕು. ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಹಾಗೆ ಹೇಳುತ್ತದೆ. ಕಾನೂನೇ ಪ್ರಚಾರ ಮಾಡು ಅಂದ ಮೇಲೆ ಮಾವ ಬಿಡುತ್ತಾರಾ? "ನಂಬರ್ ಹಾಕಬಾರದು ಅಂತ ಎಲ್ಲೂ ಬರೆದಿಲ್ಲವಲ್ಲ" ಅಂತ ಅದನ್ನೂ ಸೇರಿಸಿದರು. ಅಭ್ಯರ್ಥಿ ತನ್ನ ನಂಬರ್ ಹಾಕಿಸಿರಲಿಲ್ಲ. ಅವನು ಜಾಣ. ಚುನಾವಣೆ ಮುಗಿಯಿತು, ಅವನು ಸೋತ. ಆದರೆ ಕರಪತ್ರ ಮನೆಮನೆಯ ಕ್ಯಾಲೆಂಡರ್ ಮೊಳೆಗೆ ಸಿಕ್ಕಿಕೊಂಡಿತ್ತು. ಬೆಳಗಿನ ಜಾವ ಹೆಂಗಸೊಬ್ಬರು ಫೋನ್ ಮಾಡಿ, "ನಲ್ಲಿಗೆ ನೀರು ಬಿಟ್ಟಿಲ್ಲ, ಏನ್ ಮಾಡ್ತಿದೀರಿ?" ಅಂತ ಕೇಳಿದರು. ಇದು ಪ್ರಿಂಟಿಂಗ್ ಪ್ರೆಸ್ ಅಂದರೆ, "ವೋಟು ಕೇಳೋವಾಗ ಹಿಂಗೆ ಹೇಳಿದ್ರಾ?" ಅನ್ನೋ ಪ್ರಶ್ನೆ. ಚರಂಡಿ, ಬೀದಿದೀಪ, ರೇಷನ್ ಕಾರ್ಡ್, ಒಂದೊಂದಾಗಿ ಎಲ್ಲ ಬಂದವು. ಮಾವ ಒಂದು ಹಳೇ ಬಿಲ್ ಬುಕ್ಕಿನ ಹಿಂದೆ ದೂರು ಬರೆದುಕೊಳ್ಳಲು ಶುರು ಮಾಡಿದರು. ಅತ್ತೆ, "ಮುಂದಿನ ಸಲ ನೀವೇ ನಿಂತುಬಿಡಿ" ಅಂದರು.

ನೀರಿನ ಫೋನುಗಳಿಂದ ತಪ್ಪಿಸಿಕೊಳ್ಳೋಕೆ ಮಾವ ಒಬ್ಬ ನೀರಿನ ಟ್ಯಾಂಕರಿನವನ ನಂಬರ್ ಕೊಡತೊಡಗಿದರು. ವ್ಯಾಪಾರ ಹೆಚ್ಚಾಗಿ ಅವನೇ ಪ್ರೆಸ್ಸಿಗೆ ಬಂದ. ಸಾವಿರ ವಿಸಿಟಿಂಗ್ ಕಾರ್ಡ್ ಬೇಕಂತೆ, ಮುನ್ನೂರು ಜಿಎಸ್‌ಎಂನ ದಪ್ಪ ಕಾಗದ, ಮೇಲೆ ಲ್ಯಾಮಿನೇಷನ್. ಅಡ್ವಾನ್ಸೂ ಕೊಟ್ಟ. ಬಾಗಿಲ ಹತ್ತಿರ ಹೋದವನು ತಿರುಗಿ, "ಸಾಹುಕಾರ್ರೇ, ಕೆಳಗಡೆ ನಿಮ್ಮ ನಂಬರ್ ಮಾತ್ರ ಬೇಡ" ಅಂದ.

"ಛೇ ಛೇ, ಖಂಡಿತ ಹಾಕಲ್ಲ" ಅಂದರು ಮಾವ. ಅವನ ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು:

"ಕಾರ್ಡಿನ ಹಿಂಬದಿ ಖಾಲಿ ಇದೆ, ಅಲ್ವಾ?"