ಕರ್ಚೀಫ್ ಪರೀಕ್ಷೆ

ನಿನ್ನೆ ಆಯಿಲ್ ಚೇಂಜ್‌ಗೆ ಕಾರು ಬಿಟ್ಟರೆ ಎಸ್ಟಿಮೇಟ್ ಚೀಟಿಯಲ್ಲಿ ಮತ್ತೆ ಅದೇ ಸಾಲು: 'ಎಂಜಿನ್ ಕಾರ್ಬನ್ ಕ್ಲೀನಿಂಗ್'. ನಾನು ಕೇಳಿರಲಿಲ್ಲ. ಎಂಜಿನ್ನೂ ಕೇಳಿರಲಿಲ್ಲ. "ಎರಡು ಲಕ್ಷದ ಹತ್ರ ಓಡಿದೆಯಲ್ಲ ಸಾರ್, ಮಾಡಿಸ್ಲೇಬೇಕು" ಅಂತ ಆ ಹುಡುಗ ಫೋನ್ ತೆಗೆದು ಫೋಟೋ ತೋರಿಸಿದ. ಕರ್ರಗೆ ಮೆತ್ತಿಕೊಂಡ ಪೈಪಿನ ಬಾಯಿ. ನನ್ನ ಕಾರಿನದಾ ಅಂದರೆ ಅಲ್ಲ. ಮತ್ತೆ ಯಾರದ್ದು ಅಂದರೆ ಗೊತ್ತಿಲ್ಲ, ವಾಟ್ಸಾಪಲ್ಲಿ ಬಂದಿದ್ದಂತೆ. ನನ್ನ ಕಾರಿನ ಬಾನೆಟ್ ಇನ್ನೂ ಎತ್ತಿಯೇ ಇರಲಿಲ್ಲ.

ಹಳೇ ಡೀಸೆಲ್ ಕಾರು ಇಟ್ಟುಕೊಂಡವರಿಗೆ ಇದು ಹೊಸದೇನಲ್ಲ. ಪಿಕಪ್ ಕಡಿಮೆಯಾ? ಕಾರ್ಬನ್. ಮೈಲೇಜ್ ಇಳೀತಾ? ಕಾರ್ಬನ್. ಪವರ್ ವಿಂಡೋ ಏಳದಿದ್ದರೂ ಅದನ್ನೇ ಹೇಳಿಯಾರು.

ನಮ್ಮ ನೆಂಟರಲ್ಲಿ ಈ ಗೀಳು ಹಬ್ಬಿಸಿದವರು ತೀರ್ಥಹಳ್ಳಿ ಭಾವ. ಮದುವೆ ಮನೆಯಿರಲಿ, ತಿಥಿ ಮನೆಯಿರಲಿ, ಅಂಗಳಕ್ಕೆ ಡೀಸೆಲ್ ಕಾರು ಬಂತೆಂದರೆ "ಆಫ್ ಮಾಡ್ಬೇಡ, ಇರು ಇರು" ಅಂತ ಓಡಿ ಬರುತ್ತಾರೆ. ಪಂಚೆ ಎತ್ತಿ ಕಟ್ಟಿ, ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಜೇಬಿನಿಂದ ಇಸ್ತ್ರಿ ಮಾಡಿದ ಬಿಳಿ ಕರ್ಚೀಫ್ ತೆಗೆದು ಸೈಲೆನ್ಸರ್ ಬಾಯಿಗೆ ಹಿಡಿಯುತ್ತಾರೆ. "ಈಗ ರೈಸ್ ಮಾಡು ಮಾರಾಯ. ಇನ್ನೂ ಜೋರು." ಒಳಗೆ ಎಲೆ ಹಾಕಿ ಕಾಯುತ್ತಿದ್ದವರು ಕೆಮ್ಮುತ್ತಾರೆ. ಕರ್ಚೀಫಿನ ನಡುವೆ ಕಪ್ಪು ಉಂಡೆ ಮೂಡುತ್ತದೆ. ಭಾವ ಎದ್ದು ಅದನ್ನು ಬಿಸಿಲಿಗೆ ಹಿಡಿದು ಎಲ್ಲರಿಗೂ ತೋರಿಸಿ, "ನೋಡು. ಕಾರ್ಬನ್" ಅನ್ನುತ್ತಾರೆ.

ಡೀಸೆಲ್ ಉರಿದರೆ ಮಸಿ ಬರದೆ ಶ್ರೀಗಂಧ ಬರುತ್ತಾ ಭಾವ? ನಮ್ಮ ಹಳೇ ಕಾರುಗಳಿಗೆ ಮಸಿ ಸೋಸುವ ಡಿಪಿಎಫ್ ಇಲ್ಲ. ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಕಳೆದ ತಿಂಗಳು ಭಾವ ನನ್ನನ್ನೂ ಅಕ್ಕನನ್ನೂ ಕೂರಿಸಿಕೊಂಡು ಶಿವಮೊಗ್ಗದಲ್ಲಿ ಕಾರ್ಬನ್ ತೆಗೆಯುವ ಹೈಡ್ರೋಜನ್ ಮೆಷಿನ್ ಇಟ್ಟವರ ಹತ್ತಿರ ತಮ್ಮ ಕಾರು ಒಯ್ದರು. ಚಕ್ರದ ಮೇಲೆ ಒಂದು ಡಬ್ಬ. ಅದರಲ್ಲಿ ಡಿಸ್ಟಿಲ್ಡ್ ನೀರು. ಕರೆಂಟ್ ಕೊಟ್ಟು ನೀರನ್ನು ಹೈಡ್ರೋಜನ್, ಆಕ್ಸಿಜನ್ ಮಾಡಿ, ಸಣ್ಣ ಪೈಪಲ್ಲಿ ಎಂಜಿನ್ ಗಾಳಿ ಎಳೆದುಕೊಳ್ಳುವ ಕಡೆ ಬಿಡುತ್ತಾರೆ. ನೆಗಡಿಯಾದವರು ಕಂಬಳಿ ಹೊದ್ದು ಆವಿ ತಗೊಂಡ ಹಾಗೆ ಕಾರು ಮುಕ್ಕಾಲು ಗಂಟೆ ನಿಂತಲ್ಲೇ ಗುರುಗುಟ್ಟಿತು. ಮುಗಿದ ಮೇಲೆ ಭಾವ ಹೊಸ ಕರ್ಚೀಫ್ ತೆಗೆದರು. ಕೂತರು. ಹಿಡಿದರು. ಕಪ್ಪು!

ಮೆಷಿನ್ ಹುಡುಗ ಆಚೆ ನೋಡಿದ. ಭಾವ ಒಂದು ನಿಮಿಷ ಯೋಚಿಸಿ, "ಕೆಲ್ಸ ಆಗಿದೆ. ಒಳಗಿದ್ದದ್ದು ಹೊರಗೆ ಬರ್ತಾ ಇದೆ" ಅಂದರು. ಅಂದರೆ ಮೊದಲು ಕಪ್ಪಾದರೆ ಕಾರ್ಬನ್ ಒಳಗಿದೆ, ಆಮೇಲೆ ಕಪ್ಪಾದರೆ ಹೊರಗೆ ಹೋಗುತ್ತಿದೆ. ನಾಲ್ಕು ಸಾವಿರ ಎಣಿಸಿ ಕೊಟ್ಟರು. ಅಕ್ಕ ಮಾತ್ರ, "ಕರ್ಚೀಫ್ ಒಗೆಯೋಳು ನಾನು. ಇನ್ಮೇಲೆ ನಿಮ್ಮ ಪಂಚೆ ಚುಂಗನ್ನೇ ಹಿಡೀರಿ" ಅಂದಳು.

ಕಾರ್ಬನ್ ಕಟ್ಟೋದು ಸುಳ್ಳಲ್ಲ. ಎಂಜಿನ್ ಉಗುಳಿದ ಹೊಗೆಯಲ್ಲಿ ಒಂದಿಷ್ಟನ್ನು ಇಜಿಆರ್ ವಾಲ್ವ್ ಮತ್ತೆ ಒಳಗೇ ಕಳಿಸುತ್ತದೆ. ಉರಿಯ ಬಿಸಿ ತಗ್ಗಿ ನೈಟ್ರೋಜನ್ ಆಕ್ಸೈಡ್ ಕಡಿಮೆಯಾಗಲಿ ಅಂತ. ಆ ಹೊಗೆಯ ಮಸಿ, ಎಂಜಿನ್ ಆಯಿಲ್ ಆವಿ ಎರಡೂ ಕಲೆತು ಎಂಜಿನ್ನಿಗೆ ಗಾಳಿ ಒಯ್ಯುವ ಪೈಪಿನಲ್ಲಿ, ಅಂದರೆ ಮ್ಯಾನಿಫೋಲ್ಡಿನಲ್ಲಿ, ಡಾಂಬರಿನಂತೆ ಅಂಟುತ್ತವೆ. ಮನೆಯಿಂದ ಗೋಪಿ ಸರ್ಕಲ್‌ಗೆ ಹೋಗಿ ಸೊಪ್ಪು ತರುವಷ್ಟೇ ಓಡಿದರೆ ಇನ್ನೂ ಜಾಸ್ತಿ. ಆದರೆ ಮಸಿ ತಾನಾಗಿ ಸುಟ್ಟುಹೋಗಬೇಕಾದರೆ 600 ಡಿಗ್ರಿ ಆಸುಪಾಸಿನ ಬಿಸಿ ಬೇಕು. ಗಾಳಿ ಹೋಗುವ ಪೈಪಿನಲ್ಲಿ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಡೀಸೆಲ್ ಟ್ಯಾಂಕಿಗೆ ಸುರಿಯುವ ಬಾಟಲಿ ಔಷಧಿಯೂ ಆ ದಾರಿಯಲ್ಲಿ ಹೋಗೋದೇ ಇಲ್ಲ, ಇಂಜೆಕ್ಟರಿಂದ ನೇರ ಸಿಲಿಂಡರಿಗೆ. ಇಜಿಆರ್ ನಿಜವಾಗಿ ಕಚ್ಚಿಕೊಂಡಿದ್ದರೆ ಬಿಚ್ಚಿ ಕೆರೆಯಬೇಕು, ಅಷ್ಟೇ.

ನನ್ನ ಕಾರಿಗೂ ತೊಂದರೆ ಬಂದಿತ್ತು. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಸೆಕೆಂಡ್ ಗೇರಲ್ಲೂ ಏದುಸಿರು, ಹಿಂದೆ ಕರಿ ಹೊಗೆ. ಬೈಕಿನವರೆಲ್ಲ ನನ್ನನ್ನು ನೋಡಿಕೊಂಡೇ ಮುಂದೆ ಹೋದರು. ಅಪ್ಪನನ್ನು ಮಣಿಪಾಲಕ್ಕೆ ಕರೆದೊಯ್ಯುತ್ತಿದ್ದ ಕಾಲದಲ್ಲಿ ಇದೇ ಕಾರು ಆ 14 ತಿರುವುಗಳನ್ನು ಉಸಿರೆತ್ತದೆ ಹತ್ತುತ್ತಿತ್ತು. ಪ್ರತಿ ತಿರುವಲ್ಲೂ ಅಪ್ಪ ಮುಂದಿನ ಸೀಟಿನಲ್ಲಿ ತಾವೇ ಬ್ರೇಕ್ ತುಳಿಯುತ್ತಿದ್ದರು. ಈಗ ಆ ಸೀಟಿನಲ್ಲಿ ಚಾಲಿ ಅಡಿಕೆ ಚೀಲ ಕೂರುತ್ತದೆ. 2020ರಲ್ಲಿ ಹೊಗೆಗೆ ಕಡಿವಾಣ ಹಾಕುವ ಬಿಎಸ್6 ನಿಯಮ ಬಂದ ಮೇಲೆ ಇಂಥ ಸಣ್ಣ ಡೀಸೆಲ್ ಕಾರುಗಳೂ ಶೋರೂಮಿನಿಂದ ಹೆಚ್ಚುಕಮ್ಮಿ ಕಾಣೆಯಾದವು. ಕೊಟ್ಟುಬಿಡೋಣ ಅಂದರೆ ಮನಸ್ಸು ಬರಲ್ಲ.

ಸಾಗರ ರಸ್ತೆಯ ಹಳೇ ಮೆಕ್ಯಾನಿಕ್ ಬಾನೆಟ್ ಎತ್ತಿ, ಏರ್ ಫಿಲ್ಟರ್ ನೋಡಿ, ಟರ್ಬೋ ಪೈಪಿನ ಕೆಳಗೆ ಬೆರಳಾಡಿಸಿದ. ಬೆರಳು ಎಣ್ಣೆ. ರಬ್ಬರ್ ಪೈಪ್ ಕ್ಲಿಪ್ಪಿನ ಹತ್ತಿರ ಉದ್ದಕ್ಕೆ ಸೀಳಿತ್ತು. ಟರ್ಬೋ ಊದಿದ ಗಾಳಿ ಅಲ್ಲೇ ಸೋರಿಹೋಗುತ್ತಿತ್ತು. ಪೈಪ್ ಬದಲಾಯಿಸಿದ ಮೇಲೆ ಕಾರು ಮೊದಲಿನ ಹಾಗೇ ಎಳೆಯುತ್ತಿದೆ.

ಖುಷಿಯಲ್ಲಿ ಭಾವನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು.

"ಸರಿ ಮಾರಾಯ, ಆ ಪೈಪ್ ಯಾಕೆ ಸೀಳ್ತು ಹೇಳು?"

"ಹಳೇದಾಗಿತ್ತು ಭಾವ."

"ಅಲ್ಲ. ಒಳಗೆ ಕಾರ್ಬನ್ ಕಟ್ಟಿ ಪ್ರೆಶರ್ ಜಾಸ್ತಿ ಆಗಿದೆ. ಭಾನುವಾರ ಬರ್ತೀನಿ, ಆಫ್ ಮಾಡ್ದೆ ಇಟ್ಟಿರು."